ಕೋವಿಡ್‌ನಲ್ಲಿ ಜೀವ ಉಳಿಸಿದ ಸ್ಟಿರಾಯ್ಡ್‌ಗೆ ಫ್ಲೂ ವಾರ್ಡಿನಲ್ಲಿ ಮತ್ತೆ ಪರೀಕ್ಷೆ ಯಾಕೆ?

ಕೋವಿಡ್ ಕಾಲದಲ್ಲಿ ಜೀವ ಉಳಿಸಿದ ಔಷಧಿ ಅಂತ ಹೆಸರಾದ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಜೋರು ಫ್ಲೂ ಬಂದು ಆಸ್ಪತ್ರೆ ಸೇರಿದವರಿಗೆ ಕೊಟ್ಟು ಪರೀಕ್ಷಿಸುತ್ತಿದ್ದಾರೆ. ಇದನ್ನು ನಡೆಸುತ್ತಿರುವುದು ಬ್ರಿಟನ್ನಿನ ರಿಕವರಿ ಟ್ರಯಲ್, ಅಂದರೆ ಕೋವಿಡ್‌ನಲ್ಲಿ ಇದೇ ಔಷಧಿಯ ಗುಣವನ್ನು ಮೊದಲು ತೋರಿಸಿಕೊಟ್ಟ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ. ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಕೆಲಸ ಮಾಡುತ್ತೆ ಅಂತ ಗೊತ್ತಾದ ಔಷಧಿಗೆ ಮತ್ತೆ ಪರೀಕ್ಷೆ ಯಾಕೆ? ಚೀಟಿ ಎತ್ತಿದ ಹಾಗೆ ಕೆಲವರಿಗೆ ಔಷಧಿ, ಕೆಲವರಿಗೆ ಇಲ್ಲ ಅನ್ನುವುದು ಅನ್ಯಾಯ ಅಲ್ವಾ? ಅದೂ ಅಲ್ಲದೆ, 2021ರಲ್ಲಿ ಬ್ಲ್ಯಾಕ್ ಫಂಗಸ್ ಹರಡಿದಾಗ ನಾವೆಲ್ಲ ಬೈದಿದ್ದು ಇದೇ ಸ್ಟಿರಾಯ್ಡ್‌ಗಳನ್ನಲ್ಲವೇ?

ಪ್ರಶ್ನೆಗಳು ಮೂರಾದರೂ ಬೇರು ಒಂದೇ. ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದು ನಮಗೆ ಅಭ್ಯಾಸ. ಆದರೆ ಯಾರಿಗೆ, ಯಾವಾಗ, ಎಷ್ಟು ಎಂಬುದು ಗೊತ್ತಿಲ್ಲದೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

ಮದ್ದು ವೈರಸ್ಸಿಗಲ್ಲ, ಉರಿಯೂತಕ್ಕೆ

ಡೆಕ್ಸಾಮೆಥಾಸೋನ್ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಉರಿಯೂತ ಇಳಿಸುವ ಔಷಧಿ. 1950ರ ದಶಕದ ಕೊನೆಯಲ್ಲಿ ಬಂದದ್ದು. ಕೀಲುನೋವು, ಅಸ್ತಮಾ, ಅಲರ್ಜಿ, ಮೆದುಳಿನ ಊತ, ಹೀಗೆ ಹತ್ತಾರು ತೊಂದರೆಗಳಿಗೆ ವೈದ್ಯರು ಅದನ್ನು ಬಳಸುತ್ತಲೇ ಬಂದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 1977ರಿಂದಲೂ ಇದೆ.

ಉರಿಯೂತ ಅನ್ನುವ ಪದದಲ್ಲೇ ಅರ್ಥ ಇದೆ, ಉರಿ ಮತ್ತು ಊತ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದಲ್ಲ, ಅದು ದೇಹ ತನ್ನನ್ನು ಕಾಯ್ದುಕೊಳ್ಳುವ ರೀತಿ. ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ರಕ್ತನಾಳದ ಗೋಡೆ ಸ್ವಲ್ಪ ಸಡಿಲವಾಗಿ ನೀರೂ ಬಿಳಿ ರಕ್ತಕಣಗಳೂ ಹೊರಗೆ ಬರುತ್ತವೆ. ಕಾಲಿನಲ್ಲಾದರೆ ನಾಲ್ಕು ದಿನ ಕುಂಟಿದರಾಯಿತು. ಶ್ವಾಸಕೋಶದಲ್ಲಿ ಹಾಗಲ್ಲ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ತೀರಾ ತೆಳುವಾದ ಒಂದು ಪರದೆ. ಅದು ಊದಿಕೊಂಡು, ಗಾಳಿಚೀಲಗಳೊಳಗೆ ನೀರು ಜಿನುಗಿದರೆ, ಎಷ್ಟು ಉಸಿರು ಎಳೆದುಕೊಂಡರೂ ಆಕ್ಸಿಜನ್ ರಕ್ತಕ್ಕೆ ಸೇರುವುದಿಲ್ಲ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನಲ್ಲಿ 97 ಇದ್ದದ್ದು 91ಕ್ಕೆ, ಆಮೇಲೆ 88ಕ್ಕೆ ಇಳಿಯುವುದು ಹೀಗೆ.

ಕೋವಿಡ್‌ನಲ್ಲಿ ಸಾಮಾನ್ಯವಾಗಿ ಮೊದಲ ವಾರ ವೈರಸ್ಸಿನ ಹಾವಳಿ. ಹಲವರಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ, ವೈರಸ್ ಕಡಿಮೆಯಾಗುತ್ತಾ ಬಂದರೂ ದೇಹದ ಉರಿಯೂತ ನಿಲ್ಲುವುದಿಲ್ಲ. ಎರಡನೇ ವಾರ ಉಸಿರಾಟ ಕೆಡುವುದು ಅದರಿಂದ. ಆಗ ಉರಿಯೂತ ತಗ್ಗಿಸಿದರೆ ಲಾಭ. ಅದೇ ಔಷಧಿಯನ್ನು ಮೊದಲ ವಾರವೇ ಕೊಟ್ಟರೆ, ವೈರಸ್ಸಿನ ಜೊತೆ ಹೋರಾಡಬೇಕಾದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿದಂತೆ.

ಹೀಗೆ ಬಿಡಿಸಿ ಹೇಳುವುದು ಈಗ ಸುಲಭ. 2020ರ ಆರಂಭದಲ್ಲಿ ಇದು ಬರೀ ಊಹೆಯಾಗಿತ್ತು, ಮತ್ತು ಅದಕ್ಕೆ ಎದುರಾದ ಊಹೆಯೂ ಅಷ್ಟೇ ಗಟ್ಟಿಯಾಗಿತ್ತು. ಕೊರೊನಾ ಜಾತಿಯ ವೈರಸ್ಸಿನಿಂದಲೇ ಬಂದ 2003ರ ಸಾರ್ಸ್‌ನಲ್ಲಿ ಸ್ಟಿರಾಯ್ಡ್ ಪಡೆದು ಬದುಕಿದ ಹಲವರ ಮೂಳೆ ಹಾಳಾಗಿತ್ತು. ಅದೇ ಜಾತಿಯ ವೈರಸ್ಸಿನ ಮರ್ಸ್ ರೋಗದಲ್ಲಿ ಸ್ಟಿರಾಯ್ಡ್ ಪಡೆದವರ ದೇಹದಲ್ಲಿ ವೈರಸ್ ಹೆಚ್ಚು ದಿನ ಉಳಿದಿತ್ತು. ಹಾಗಾಗಿ ಕೋವಿಡ್ ರೋಗಿಗಳಿಗೆ ರೂಢಿಯಂತೆ ಸ್ಟಿರಾಯ್ಡ್ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಶುರುವಿನಲ್ಲಿ ಹೇಳಿತ್ತು.

2020ರ ಜೂನ್ 16

ರಿಕವರಿ ಟ್ರಯಲ್ 2020ರ ಮಾರ್ಚ್‌ನಲ್ಲಿ ಶುರುವಾಯಿತು. ಬ್ರಿಟನ್ನಿನ 170ಕ್ಕೂ ಹೆಚ್ಚು ಸರ್ಕಾರಿ ಆಸ್ಪತ್ರೆಗಳು ಸೇರಿಕೊಂಡವು. ಯಾರಿಗೆ ಯಾವ ಔಷಧಿ ಎಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವಂತಿರಲಿಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತಿತ್ತು. 2,104 ಜನರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಹೆಚ್ಚೆಂದರೆ 10 ದಿನ ಕೊಟ್ಟರು. 4,321 ಜನರಿಗೆ ಮಾಮೂಲಿ ಆರೈಕೆ ಮಾತ್ರ.

ಫಲಿತಾಂಶ ಜೂನ್ 16ಕ್ಕೆ ಹೊರಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ, ಸ್ಟಿರಾಯ್ಡ್ ಪಡೆಯದವರ ಪೈಕಿ 28 ದಿನದೊಳಗೆ ಶೇ 41.4ರಷ್ಟು ಜನ ತೀರಿಕೊಂಡಿದ್ದರು. ಪಡೆದವರಲ್ಲಿ ಅದು ಶೇ 29.3. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ ಶೇ 26.2 ಇದ್ದದ್ದು ಶೇ 23.3ಕ್ಕೆ ಇಳಿದಿತ್ತು.

ಆಕ್ಸಿಜನ್ನೇ ಬೇಕಾಗದೆ ಆಸ್ಪತ್ರೆಯಲ್ಲಿದ್ದವರ ಲೆಕ್ಕ ಮಾತ್ರ ತಿರುಗಿತ್ತು. ಅವರಲ್ಲಿ ಸ್ಟಿರಾಯ್ಡ್ ಪಡೆದವರ ಸಾವು ಶೇ 17.8, ಪಡೆಯದವರದು ಶೇ 14. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಆದರೂ ಲಾಭದ ಸುಳಿವೇ ಅಲ್ಲಿ ಕಾಣಲಿಲ್ಲ, ಕಂಡದ್ದು ಹಾನಿಯ ಕಡೆಗಿನ ವಾಲಿಕೆ. ಒಂದೇ ಔಷಧಿ, ಒಂದೇ ಡೋಸ್, ಒಂದೇ ರೋಗ. ರೋಗ ಎಷ್ಟು ದೂರ ಹೋಗಿದೆ ಎಂಬುದೊಂದೇ ಬೇರೆ.

ಭಾರತದ ಆರೋಗ್ಯ ಸಚಿವಾಲಯ ಜೂನ್ 27ಕ್ಕೇ ತನ್ನ ಚಿಕಿತ್ಸಾ ಸೂಚಿಯಲ್ಲಿ ಡೆಕ್ಸಾಮೆಥಾಸೋನ್ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ತನ್ನ ನಿಲುವು ಬದಲಿಸಿತು. ಈ ಒಂದು ಔಷಧಿಯಿಂದ ಜಗತ್ತಿನಲ್ಲಿ ಸುಮಾರು 10 ಲಕ್ಷ ಜೀವ ಉಳಿದಿರಬಹುದು ಅಂತ 2021ರ ಮಾರ್ಚ್ ಹೊತ್ತಿಗೆ ಇಂಗ್ಲೆಂಡಿನ ಆರೋಗ್ಯ ಸೇವೆ ಅಂದಾಜು ಮಾಡಿತು.

25 ದಿನಗಳ ನಂತರ, ಬೆಂಗಳೂರಿನ ಔಷಧಿ

ಅದೇ ವರ್ಷ ಜುಲೈ 11ಕ್ಕೆ ಇನ್ನೊಂದು ಸುದ್ದಿ ಬಂತು. ಈ ಸಲ ಹೆಸರು ಇಟೊಲಿಝುಮ್ಯಾಬ್, ತಯಾರಿಸಿದ್ದು ಬೆಂಗಳೂರಿನ ಬಯೋಕಾನ್. ಕ್ಯೂಬಾದ ಹವಾನಾದಲ್ಲಿರುವ ಸಂಶೋಧನಾ ಕೇಂದ್ರವೊಂದರ ಜೊತೆ ಸೇರಿ ಬೆಳೆಸಿದ ಔಷಧಿ. 2013ರಿಂದ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಮಾರಾಟದಲ್ಲಿತ್ತು. ಇದೂ ಉರಿಯೂತ ತಗ್ಗಿಸುವಂಥದ್ದೇ. ರೋಗದ ವಿರುದ್ಧ ಹೋರಾಡುವ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಅತಿಯಾಗಿ ಕೆರಳುವುದನ್ನು ತಡೆಯುತ್ತದೆ. ಕೋವಿಡ್‌ನಿಂದ ಉಸಿರಾಟ ಕೆಟ್ಟವರಿಗೆ, ಆಸ್ಪತ್ರೆಯಲ್ಲಿ ಮಾತ್ರ, ರೋಗಿಯ ಒಪ್ಪಿಗೆ ಪಡೆದು, ತುರ್ತು ಬಳಕೆ ಮಾಡಬಹುದು ಅಂತ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ಆಗ ಒಂದು ವಯಲ್‌ಗೆ (ಇಂಜೆಕ್ಷನ್ ಸೀಸೆಗೆ) ಸುಮಾರು 8,000 ರೂಪಾಯಿ, ನಾಲ್ಕು ವಯಲ್‌ನ ಚಿಕಿತ್ಸೆಗೆ 32,000.

ಅನುಮತಿಗೆ ಆಧಾರ ಮುಂಬೈ ಮತ್ತು ದಿಲ್ಲಿಯ ನಾಲ್ಕು ಆಸ್ಪತ್ರೆಗಳಲ್ಲಿ ನಡೆದ ಒಂದು ಟ್ರಯಲ್. ಲೆಕ್ಕಕ್ಕೆ ಸಿಕ್ಕವರು 30 ಜನ. ಔಷಧಿ ಪಡೆದ 20 ಜನರಲ್ಲಿ ಯಾರೂ ಸಾಯಲಿಲ್ಲ. ಪಡೆಯದ 10 ಜನರಲ್ಲಿ ಮೂವರು ತೀರಿಕೊಂಡರು.

ಕೇಳಿದರೆ ಆಸೆ ಹುಟ್ಟುವುದು ನಿಜ. ಆದರೆ ಔಷಧಿಗೆ ಅನುಮತಿ ಸಿಕ್ಕಿದ ಮೇಲೂ ರಾಷ್ಟ್ರೀಯ ಕಾರ್ಯಪಡೆ ಅದನ್ನು ಕೋವಿಡ್ ಚಿಕಿತ್ಸಾ ಸೂಚಿಗೆ ಸೇರಿಸಲಿಲ್ಲ, ಪುರಾವೆ ಸಾಲದು ಎಂದಿತು. ಸರ್ಕಾರದ ಒಂದು ಕೈ ಹೂಂ, ಇನ್ನೊಂದು ಕೈ ಊಹೂಂ. ಜನ ಯಾರನ್ನು ನಂಬಬೇಕು?

ಮೂರು ಸಾವಿನ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡೋಣ, ಯಾಕಂದರೆ ಇಡೀ ವಾದದ ಗುಟ್ಟು ಇಲ್ಲಿದೆ.

ಔಷಧಿಗೆ ಯಾವ ಗುಣವೂ ಇಲ್ಲ ಅಂತಲೇ ಇಟ್ಟುಕೊಳ್ಳಿ. 30 ಜನರಲ್ಲಿ ಹೇಗಿದ್ದರೂ ಮೂವರು ಸಾಯುವವರಿದ್ದರು. ಚೀಟಿ ಎತ್ತಿದಾಗ ಆ ಮೂವರೂ ಔಷಧಿ ಇಲ್ಲದ 10 ಜನರ ಗುಂಪಿಗೇ ಬೀಳುವ ಸಾಧ್ಯತೆ ಎಷ್ಟು? 100ಕ್ಕೆ 3. ಸಣ್ಣದೇ, ಹಾಗಾಗಿ ಈ ಫಲಿತಾಂಶವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಂಪನಿಯ ಪರ ವಾದಿಸಿದವರು ಹಿಡಿದುಕೊಂಡಿದ್ದು ಇದನ್ನೇ.

ಈಗ ಒಬ್ಬ ರೋಗಿಯನ್ನು ಮಾತ್ರ ಆಚೀಚೆ ಮಾಡಿ. ಮೂರರಲ್ಲಿ ಒಂದು ಸಾವು ಔಷಧಿ ಪಡೆದವರ ಕಡೆ ಆಗಿತ್ತು ಅಂದುಕೊಳ್ಳಿ. ಮೂರರಲ್ಲಿ ಕನಿಷ್ಠ ಎರಡು ಸಾವು ಆ 10 ಜನರಲ್ಲೇ ಆಗುವ ಸಾಧ್ಯತೆ 100ಕ್ಕೆ 25. ಅಂದರೆ ಏನೂ ಹೇಳುವ ಹಾಗಿಲ್ಲ. ಒಬ್ಬ ಮನುಷ್ಯನ ಹಣೆಬರಹ ಬದಲಾದರೆ ಇಡೀ ತೀರ್ಮಾನವೇ ಕುಸಿಯುತ್ತದೆ. ಅಂಥ ತೀರ್ಮಾನವನ್ನು ನೆಚ್ಚಿ ಒಂದು ದೇಶದ ಚಿಕಿತ್ಸೆಯನ್ನು ನಿರ್ಧರಿಸಬಹುದೇ?

ಇನ್ನೊಂದು ಮಾತೂ ಇದೆ. ಆ ವರ್ಷ ಜಗತ್ತಿನಾದ್ಯಂತ ನೂರಾರು ಸಣ್ಣ ಟ್ರಯಲ್‌ಗಳು ನಡೆದವು. 100ಕ್ಕೆ 3ರ ಆಕಸ್ಮಿಕ ಒಂದೊಂದರಲ್ಲೂ ಅಪರೂಪ. ಆದರೆ ನೂರು ಕಡೆ ಚೀಟಿ ಎತ್ತಿದರೆ ಎರಡು ಮೂರು ಕಡೆ ಅದು ಆಗಿಯೇ ಆಗುತ್ತದೆ. ಪತ್ರಿಕೆಯ ಮುಖಪುಟಕ್ಕೆ ಬರುವುದು ಆ ಎರಡು ಮೂರೇ. ಇಟೊಲಿಝುಮ್ಯಾಬ್ ಕೆಲಸ ಮಾಡುವುದಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಮಾಡುತ್ತದೆ ಅಂತಲೂ ಆಗುವುದಿಲ್ಲ. ಸಣ್ಣ ಟ್ರಯಲ್‌ನ ತೊಂದರೆಯೇ ಇದು, ಪ್ರಶ್ನೆಯನ್ನು ಮೊದಲಿದ್ದಲ್ಲೇ ಬಿಡುತ್ತದೆ, ಆದರೆ ಉತ್ತರ ಸಿಕ್ಕಿತು ಅನ್ನುವ ಭಾವನೆ ಕೊಡುತ್ತದೆ.

ಗೌರಿ ಹೂವಿನ ಗಡ್ಡೆ

ಕಾಲ್ಚಿಸಿನ್‌ನ ಕಥೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಇದು ಗೌಟ್ ಎಂಬ ಕೀಲುನೋವಿಗೆ ಕೊಡುವ ಹಳೆಯ ಔಷಧಿ. ಗೌರಿ ಹಬ್ಬದ ಹೊತ್ತಿಗೆ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವಿನ ಬಳ್ಳಿ ಗೊತ್ತಲ್ಲ, ಅದರ ಗಡ್ಡೆ ಮತ್ತು ಬೀಜದಲ್ಲಿರುವ ವಿಷವೇ ಕಾಲ್ಚಿಸಿನ್. ಅಳತೆಯಲ್ಲಿ ಕೊಟ್ಟರೆ ಉರಿಯೂತ ಇಳಿಸುತ್ತದೆ.

2020ರ ಏಪ್ರಿಲ್‌ನಲ್ಲಿ ಗ್ರೀಸ್ ದೇಶದ ವೈದ್ಯರು 105 ಕೋವಿಡ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಔಷಧಿ ಪಡೆಯದ 50 ಜನರಲ್ಲಿ 7 ಮಂದಿಯ ಸ್ಥಿತಿ ಬಿಗಡಾಯಿಸಿತು. ಪಡೆದ 55 ಜನರಲ್ಲಿ ಒಬ್ಬರದು ಮಾತ್ರ. ಅಗ್ಗದ ಮಾತ್ರೆ, ಒಳ್ಳೆಯ ಸುದ್ದಿ, ಎಲ್ಲರಿಗೂ ಹುಮ್ಮಸ್ಸು.

ಆಮೇಲೆ ರಿಕವರಿ ತಂಡ ಅದೇ ಪ್ರಶ್ನೆಯನ್ನು 11,340 ರೋಗಿಗಳ ಮುಂದಿಟ್ಟಿತು. ಪಡೆದವರಲ್ಲಿ ಸಾವು ಶೇ 21. ಪಡೆಯದವರಲ್ಲೂ ಶೇ 21. ಅಲ್ಲಿಗೆ ಮುಗಿಯಿತು.

ಇಷ್ಟೊಂದು ಜನ ಯಾಕೆ ಬೇಕು ಅಂದರೆ, ನಿಜವಾಗಿ ಕೆಲಸ ಮಾಡುವ ಔಷಧಿಯ ಲಾಭವೂ ಸಾಮಾನ್ಯವಾಗಿ ಸಣ್ಣದೇ. ಕೀಲುವಾತಕ್ಕೆ ಕೊಡುವ ಬಾರಿಸಿಟಿನಿಬ್ ಎಂಬ ಮಾತ್ರೆ ಕೋವಿಡ್‌ನಲ್ಲಿ ಉಪಯೋಗಕ್ಕೆ ಬಂತು. ಆದರೆ 8,000ಕ್ಕೂ ಹೆಚ್ಚು ರೋಗಿಗಳಲ್ಲಿ ಅದು ಸಾವನ್ನು ಇಳಿಸಿದ್ದು ಶೇ 14ರಿಂದ ಶೇ 12ಕ್ಕೆ. ನೂರಕ್ಕೆ ಇಬ್ಬರು. ಒಂದು ವಾರ್ಡಿನಲ್ಲಿ ನಿಂತು ನೋಡುವ ವೈದ್ಯರ ಕಣ್ಣಿಗೆ ಈ ಇಬ್ಬರು ಯಾವತ್ತೂ ಕಾಣುವುದಿಲ್ಲ. ಲಕ್ಷಾಂತರ ಜನ ಆಸ್ಪತ್ರೆ ಸೇರುವ ಕಾಲದಲ್ಲಿ ಆ ನೂರಕ್ಕಿಬ್ಬರು ಎಷ್ಟು ಸಾವಿರ ಮನೆಗಳಾಗುತ್ತವೆ ಅಂತ ಯೋಚಿಸಿ.

ಸಂಕಟದಲ್ಲಿರುವ ವೈದ್ಯರ ಮಾತು

ಇದಕ್ಕೆ ಎದುರು ವಾದ ಹಗುರವಾದದ್ದಲ್ಲ. ರೋಗಿ ಕಣ್ಣ ಮುಂದೆ ಉಸಿರಿಗಾಗಿ ಒದ್ದಾಡುತ್ತಿದ್ದಾರೆ, ಮಗ ಹೊರಗೆ ಕೈ ಮುಗಿದು ನಿಂತಿದ್ದಾನೆ, ಕೈಯಲ್ಲಿ ಒಂದು ಔಷಧಿ ಇದೆ. ಕೊಡಲು ಚೀಟಿ ಎತ್ತಬೇಕಾ? ಸೋರಿಯಾಸಿಸ್‌ಗೆ ಏಳು ವರ್ಷ ಬಳಸಿದ ಔಷಧಿ, ಅದರ ಅಡ್ಡಪರಿಣಾಮವೂ ಗೊತ್ತು. ದೊಡ್ಡ ಟ್ರಯಲ್ ಮುಗಿಯುವವರೆಗೆ ಕಾದರೆ ಆ ಅಲೆಯೇ ಮುಗಿದಿರುತ್ತದೆ. ತುರ್ತಿನಲ್ಲಿ ಅರ್ಧ ಪುರಾವೆಯೂ ಪುರಾವೆಯೇ ಅನ್ನುತ್ತಾರೆ ಇವರು.

ಟ್ರಯಲ್ ಬೇಕೆನ್ನುವವರ ಉತ್ತರ ಹೀಗಿದೆ. ಔಷಧಿ ಸಿಗದವರು ಮೋಸ ಹೋದರು ಅಂತ ಹೇಳಬೇಕಾದರೆ, ಔಷಧಿ ಒಳ್ಳೆಯದು ಅಂತ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲವಲ್ಲ. ರಿಕವರಿಯಲ್ಲೇ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಿ ಪಡೆದವರಲ್ಲಿ ಶೇ 27, ಪಡೆಯದವರಲ್ಲಿ ಶೇ 25ರಷ್ಟು ಜನ ತೀರಿಕೊಂಡರು. ಚೀಟಿಯಲ್ಲಿ ಆ ಔಷಧಿ ಬಾರದವರು ಏನನ್ನೂ ಕಳೆದುಕೊಳ್ಳಲಿಲ್ಲ.

ಇನ್ನೂ ಕಣ್ಣು ತೆರೆಸುವುದು ಡೆಕ್ಸಾಮೆಥಾಸೋನ್‌ನದೇ ಎರಡನೇ ಟ್ರಯಲ್. 6 ಮಿಲಿಗ್ರಾಂ ಇಷ್ಟು ಒಳ್ಳೆಯದಾದರೆ 20 ಮಿಲಿಗ್ರಾಂ ಇನ್ನೂ ಒಳ್ಳೆಯದಿರಬಹುದು ಅಂತ ಯಾರಿಗಾದರೂ ಅನಿಸುತ್ತದೆ. ಅದನ್ನೂ ಪರೀಕ್ಷಿಸಿದರು. ವೆಂಟಿಲೇಟರ್ ಹಂತಕ್ಕೆ ಹೋಗದೆ ಸಾದಾ ಆಕ್ಸಿಜನ್ ಸಾಕಾಗಿದ್ದವರಲ್ಲಿ, ದೊಡ್ಡ ಡೋಸ್ ಪಡೆದ 659 ಜನರಲ್ಲಿ 123 ಮಂದಿ ಸತ್ತರು. ಮಾಮೂಲಿ ಚಿಕಿತ್ಸೆಯ (ಹೆಚ್ಚಿನವರಿಗೆ ಅದರಲ್ಲೇ ಸಣ್ಣ ಡೋಸ್ ಸ್ಟಿರಾಯ್ಡ್ ಸೇರಿತ್ತು) 613 ಜನರಲ್ಲಿ 75 ಮಂದಿ. ಶೇ 19 ಮತ್ತು ಶೇ 12. ಕೂಡಲೇ ಆ ಗುಂಪಿಗೆ ದೊಡ್ಡ ಡೋಸ್ ನಿಲ್ಲಿಸಿದರು. ಟ್ರಯಲ್ ಇಲ್ಲದಿದ್ದರೆ ಈ ಹಾನಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ರೋಗ ಜೋರಾಗಿತ್ತು, ಎಲ್ಲ ಪ್ರಯತ್ನ ಮಾಡಿದೆವು ಅನ್ನುತ್ತಿದ್ದರು, ಅದನ್ನು ಮನಸಾರೆ ನಂಬಿಯೂ ಇರುತ್ತಿದ್ದರು.

ನನ್ನ ತೂಕ ಟ್ರಯಲ್ ಕಡೆಗೇ. ಆದರೆ ವೈದ್ಯರ ಆ ಸಂಕಟ ಸುಳ್ಳಲ್ಲ. ಅದಕ್ಕೆ ಪರಿಹಾರ ಟ್ರಯಲ್ಲನ್ನು ವಾರ್ಡಿನೊಳಗೇ ತರುವುದು. ರಿಕವರಿ ಗೆದ್ದದ್ದು ಹೀಗೆ. ಫಾರಂ ಚಿಕ್ಕದು, ಬರೆಯಬೇಕಾದ ವಿವರ ಕಡಿಮೆ, ಯಾವ ಊರಿನ ಆಸ್ಪತ್ರೆಯೂ ಸೇರಬಹುದು. ಶುರುವಾಗಿ ಮೂರು ತಿಂಗಳೊಳಗೆ ಉತ್ತರ ಕೈಯಲ್ಲಿತ್ತು.

ಬ್ಲ್ಯಾಕ್ ಫಂಗಸ್ ಬಂದದ್ದು ಎಲ್ಲಿಂದ?

2021ರ ಜೂನ್ ಕೊನೆಗೆ ದೇಶದಲ್ಲಿ 40,845 ಬ್ಲ್ಯಾಕ್ ಫಂಗಸ್ ಪ್ರಕರಣಗಳಿದ್ದವು. ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ ಅವರಲ್ಲಿ ಶೇ 64 ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಅರ್ಧಕ್ಕಿಂತ ಜಾಸ್ತಿ ಜನ ಸ್ಟಿರಾಯ್ಡ್ ತೆಗೆದುಕೊಂಡಿದ್ದರು.

ಸ್ಟಿರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ, ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ. ಗಾಳಿಯಲ್ಲಿ ಸದಾ ಇರುವ ಶಿಲೀಂಧ್ರಕ್ಕೆ ಬೇಕಾದದ್ದು ಇವೇ ಎರಡು. ಹಾಸಿಗೆ ಸಿಗದ ಆ ದಿನಗಳಲ್ಲಿ ವಾಟ್ಸ್ಯಾಪ್‌ನಲ್ಲಿ ಬಂದ ಔಷಧಿ ಚೀಟಿ ನೋಡಿ, ಆಕ್ಸಿಜನ್ 97 ಇದ್ದವರೂ ಜ್ವರದ ಎರಡನೇ ದಿನವೇ ಸ್ಟಿರಾಯ್ಡ್ ಮಾತ್ರೆ ನುಂಗಿದರು. ಕೆಲವರು 10 ದಿನಕ್ಕೆ ನಿಲ್ಲಿಸಲೂ ಇಲ್ಲ. ಟ್ರಯಲ್ ಹೇಳಿದ್ದು ಆಕ್ಸಿಜನ್ ಬೇಕಾದವರಿಗೆ, 6 ಮಿಲಿಗ್ರಾಂ, 10 ದಿನ ಎಂದು. ಜನರ ಕಿವಿಗೆ ಬಿದ್ದದ್ದು ಸ್ಟಿರಾಯ್ಡ್ ಕೊರೊನಾಗೆ ಮದ್ದು ಎಂದು. ಮಧ್ಯದಲ್ಲಿ ಕಳೆದುಹೋದ ಆ ಮೂರು ಮಾತುಗಳಿಗೆ ಎಷ್ಟೋ ಮಂದಿ ಕಣ್ಣು, ದವಡೆ, ಜೀವ ತೆತ್ತರು.

ಹಾಗಾದರೆ ಫ್ಲೂ?

ಈಗ ಮೊದಲ ಪ್ರಶ್ನೆಗೆ ಬರೋಣ. ಕೋವಿಡ್‌ನ ಉತ್ತರವನ್ನೇ ಫ್ಲೂಗೆ ಯಾಕೆ ಹಚ್ಚಬಾರದು?

ಯಾಕಂದರೆ ಫ್ಲೂ ನಡೆಯುವ ವೇಗವೇ ಬೇರೆ. ಜ್ವರ ಬಂದ ಕೆಲವೇ ದಿನಕ್ಕೆ ರೋಗಿ ಆಸ್ಪತ್ರೆ ಸೇರುತ್ತಾರೆ, ಆಗ ವೈರಸ್ಸಿನ ಹಾವಳಿ ಇನ್ನೂ ಜೋರಾಗಿರಬಹುದು. ಫ್ಲೂ ಹಿಂದೆಯೇ ಬ್ಯಾಕ್ಟೀರಿಯಾದಿಂದ ನ್ಯುಮೋನಿಯಾ ಬರುವುದೂ ಹೆಚ್ಚು. ಇವೆರಡರಲ್ಲೂ ಸ್ಟಿರಾಯ್ಡ್ ಕೆಟ್ಟದ್ದು ಮಾಡಬಹುದು. ಮತ್ತೊಂದು ಕಡೆ, ಶ್ವಾಸಕೋಶ ಊದಿಕೊಂಡು ಸಾಯುವುದು ಫ್ಲೂನಲ್ಲೂ ಇದೆ. ಆದ್ದರಿಂದ ಒಳ್ಳೆಯದೂ ಮಾಡಬಹುದು.

ಇರುವ ಪುರಾವೆ ಏನು ಹೇಳುತ್ತದೆ? 2019ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 30 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಫ್ಲೂನಲ್ಲಿ ಸ್ಟಿರಾಯ್ಡ್ ಪಡೆದವರಲ್ಲಿ ಸಾವು ಹೆಚ್ಚು ಕಂಡಿತು. ಆದರೆ ಅದರಲ್ಲಿ ಚೀಟಿ ಎತ್ತಿ ಮಾಡಿದ ಟ್ರಯಲ್ ಒಂದೇ ಒಂದು, ಅದರಲ್ಲಿದ್ದವರು 24 ಜನ. ಉಳಿದವೆಲ್ಲ ಆಸ್ಪತ್ರೆಯ ದಾಖಲೆ ತೆಗೆದು ನೋಡಿದವು. ದಾಖಲೆಯಲ್ಲಿ ಒಂದು ತೊಡಕಿದೆ. ವೈದ್ಯರು ಸ್ಟಿರಾಯ್ಡ್ ಕೊಡುವುದೇ ತೀರಾ ಹದಗೆಟ್ಟವರಿಗೆ. ಅವರು ಜಾಸ್ತಿ ಸತ್ತದ್ದು ಔಷಧಿಯಿಂದಲೋ ರೋಗದಿಂದಲೋ? ದಾಖಲೆ ಎಷ್ಟೇ ದೊಡ್ಡದಿದ್ದರೂ ಇದನ್ನು ಬಿಡಿಸಿ ಹೇಳಲಾರದು. ಚೀಟಿ ಎತ್ತಿದರೆ ಮಾತ್ರ ಎರಡೂ ಗುಂಪಿನಲ್ಲಿ ಹದಗೆಟ್ಟವರು ಸಮನಾಗಿ ಹಂಚಿಹೋಗುತ್ತಾರೆ.

ದುಡ್ಡು ಯಾರು ಹಾಕಬೇಕು?

ಇಷ್ಟು ಹಳೆಯ ಔಷಧಿಗೆ ಇಂಥ ಟ್ರಯಲ್ ಮೊದಲೇ ಯಾಕೆ ಆಗಲಿಲ್ಲ ಅಂತ ಕೇಳಬಹುದು. ಪೇಟೆಂಟ್ ಮುಗಿದು ದಶಕಗಳಾದ, ಇಂಜೆಕ್ಷನ್ನಿಗೆ ಕೆಲವೇ ರೂಪಾಯಿ ಬೀಳುವ ಔಷಧಿಯ ಹೊಸ ಗುಣ ಕಂಡುಹಿಡಿದರೆ ಯಾವ ಕಂಪನಿಗೂ ಲಾಭವಿಲ್ಲ. ಆ ದುಡ್ಡು ಸಾರ್ವಜನಿಕ ಖಜಾನೆಯಿಂದಲೇ ಬರಬೇಕು. ರಿಕವರಿಗೆ ಬ್ರಿಟನ್ ಸರ್ಕಾರದ ಸಂಶೋಧನಾ ನಿಧಿ ಸಿಕ್ಕಿತು.

ನಮ್ಮಲ್ಲಿ ಆಗದ ಕೆಲಸ ಏನಲ್ಲ ಇದು. 2020ರಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿ ಪ್ಲಾಸ್ಮಾ ಚಿಕಿತ್ಸೆಯನ್ನು, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವವನ್ನು ರೋಗಿಗೆ ಕೊಡುವುದನ್ನು, ಪರೀಕ್ಷಿಸಿತು, ಉಪಯೋಗ ಇಲ್ಲ ಅಂತ ಪ್ರಾಮಾಣಿಕವಾಗಿ ಹೇಳಿತು. ಆದರೂ ಪ್ಲಾಸ್ಮಾ ರಾಷ್ಟ್ರೀಯ ಸೂಚಿಯಿಂದ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ. ಅಷ್ಟರವರೆಗೂ ಮನೆಯವರು ರಕ್ತದ ಗುಂಪು ಹೇಳಿಕೊಂಡು ದಾನಿಗಳಿಗಾಗಿ ಊರೆಲ್ಲ ಅಲೆದರು. ಉತ್ತರ ಸಿಕ್ಕಿತ್ತು, ಕೇಳಿಸಿಕೊಳ್ಳಲು ತಡವಾಯಿತು.

ರೋಗಿಯ ರಕ್ಷಣೆಗೆ ನಿಯಮಗಳೂ ಇವೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಗೆ ಅರ್ಥವಾಗುವಂತೆ ವಿವರಿಸಿ ಸಹಿ ಪಡೆಯಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ.

ಉತ್ತರ ಬಂದರೆ ಏನಾಗುತ್ತದೆ?

ಫ್ಲೂನಲ್ಲೂ ಡೆಕ್ಸಾಮೆಥಾಸೋನ್ ಸಾವು ಕಡಿಮೆ ಮಾಡುತ್ತದೆ ಅಂತಾದರೆ, ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಈಗಾಗಲೇ ಇರುವ ಇಂಜೆಕ್ಷನ್ ಎಚ್1ಎನ್1 ರೋಗಿಗೂ ಕೊಡಬಹುದಾದ ಚಿಕಿತ್ಸೆಯಾಗುತ್ತದೆ. ಹಾನಿ ಅಂತಾದರೆ, ಅಭ್ಯಾಸಬಲದಿಂದ ಫ್ಲೂಗೆ ಸ್ಟಿರಾಯ್ಡ್ ಕೊಡುತ್ತಿರುವ ಕಡೆಗಳಲ್ಲಿ ಅದು ನಿಲ್ಲಬೇಕಾಗುತ್ತದೆ. ಎರಡೂ ಇಲ್ಲ ಅಂತಾದರೆ, ವೈದ್ಯರು ಬೇರೆ ಔಷಧಿಯ ಕಡೆ ನೋಡುತ್ತಾರೆ.

ಯಾವ ಉತ್ತರ ಬಂದರೂ ಅದು ಯಾರ ಬಗ್ಗೆ ಎಂಬುದನ್ನು ಮರೆಯಬಾರದು. ಈ ಟ್ರಯಲ್‌ಗೆ ಸೇರಿಸಿಕೊಳ್ಳುವುದು ಫ್ಲೂ ಬಂದು ಆಸ್ಪತ್ರೆ ಸೇರಿದವರನ್ನು, ಅದರಲ್ಲೂ ಆಕ್ಸಿಜನ್ ಬೇಕಾದವರನ್ನು ಅಥವಾ ಆಕ್ಸಿಮೀಟರ್‌ನ ಅಂಕಿ 92ಕ್ಕಿಂತ ಕೆಳಗೆ ಇಳಿದವರನ್ನು. ಮನೆಯಲ್ಲಿ ಮಲಗಿರುವ ಜ್ವರದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಡೆಂಗಿ ಬಗ್ಗೆಯೂ ಇಲ್ಲ. ಮೆಡಿಕಲ್ ಶಾಪ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಕೇಳಿ ಪಡೆಯುವ ಡೆಕ್ಸಾ ಮಾತ್ರೆಗೆ ಈ ಟ್ರಯಲ್‌ನ ಯಾವ ಫಲಿತಾಂಶವೂ ಆಧಾರವಾಗುವುದಿಲ್ಲ.